ವಜೀಫಾ: ಹಕ್ಕಲೋ, ಹಕ್ಕೋ?

ನಮ್ಮ ಬೀದರ ಸೀಮೆಯ ಹಳಬರು ಸ್ಕಾಲರ್‌ಶಿಪ್ಪಿಗೆ ಇವತ್ತಿಗೂ ‘ವಜೀಫಾ’ ಅಂತಾರೆ. ಸರಕಾರದ ಕಾಗದದಲ್ಲಿ ಅದು ವಿದ್ಯಾರ್ಥಿವೇತನ. ಇಲಾಖೆಯ ಭಾಷೆಯಲ್ಲಿ ಅದನ್ನು ತಗೊಳ್ಳುವವನು ‘ಫಲಾನುಭವಿ’. ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಉಳ್ಳವರ ಮಕ್ಕಳ ಬಾಯಲ್ಲಿ ಅದು ‘ಪುಕ್ಕಟೆ ರೊಕ್ಕ’. ಹೆಸರಿನ ಗೊಡವೆ ಯಾಕೆ, ದುಡ್ಡು ಬಂದರೆ ಸಾಕು ಎನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಆದರೆ ಹೆಸರು ಬದಲಾದ ಕೂಡಲೇ ಕೊಡುವವನ ಕೈ ಎಲ್ಲಿದೆ, ತಗೊಳ್ಳುವವನ ಕೈ ಎಲ್ಲಿದೆ ಎಂಬುದೂ ಬದಲಾಗುತ್ತದೆ. ದಾನವಾದರೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಸಾಲವಾದರೆ ತೀರುವ ತನಕ ಕೊರಳೂ ಸಾಹುಕಾರನದೇ. ಕೂಲಿಯಾದರೆ ದುಡಿದವನು ನೆಟ್ಟಗೆ ನಿಂತು ಕೇಳಬಹುದು, ಆದರೆ ಧಣಿ ಹೇಳಿದ ಕೆಲಸವನ್ನೇ ಮಾಡಬೇಕು. ಹಾಗಾದರೆ ನಮ್ಮ ಕೈಗೆ ಬಂದದ್ದು ಇದರಲ್ಲಿ ಯಾವುದು? ಅದನ್ನು ತಗೊಂಡು ಓದಿದ ನಾವು ಯಾರಿಗೆ ಋಣಿಗಳು?

ಈ ಪ್ರಶ್ನೆ ನಮಗೆ ಯಾವ ತತ್ವಶಾಸ್ತ್ರದ ಪುಸ್ತಕದಿಂದಲೂ ಬಂದದ್ದಲ್ಲ. ತುಂಬಿದ ಕ್ಲಾಸಿಗೆ ಬಂದು, ‘ಸ್ಕಾಲರ್‌ಶಿಪ್ ಹುಡುಗ್ರು ಎದ್ದು ನಿಂದರ್ರಿ’ ಎಂದು ಕೂಗಿದ ಒಬ್ಬ ಗುಮಾಸ್ತನಿಂದ ಬಂದದ್ದು. ಯಾವ ಕಾಲೇಜು ಎಂದು ಕೇಳಬೇಡಿ, ಒಂದೇ ಕಾಲೇಜಾಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ. ನಿಂತೆವು. ನಿಂತವರು ಯಾರು, ಕೂತವರು ಯಾರು ಎಂಬುದು ಅವತ್ತು ಇಡೀ ಕ್ಲಾಸಿಗೆ ಗೊತ್ತಾಯಿತು. ಬ್ಯಾಂಕಿನಿಂದ ಸಾಲ ಪಡೆದು ಓದುವ ಹುಡುಗರನ್ನು ಯಾರೂ ಹಾಗೆ ನಿಲ್ಲಿಸಲಿಲ್ಲ. ಅಪ್ಪನ ಲಂಚದ ದುಡ್ಡಿನಲ್ಲಿ ಓದುವವರನ್ನಂತೂ ನಿಲ್ಲಿಸುವ ಪದ್ಧತಿಯೇ ಈ ದೇಶದಲ್ಲಿಲ್ಲ.

ನಮ್ಮ ಕಡೆ ಹಕ್ಕಲು ಎಂಬ ಮಾತಿದೆ. ತೊಗರಿಯೋ ಜೋಳವೋ ರಾಶಿಯಾಗಿ ಗೌಡನ ಮನೆ ಸೇರಿದ ಮೇಲೆ ಹೊಲದಲ್ಲಿ ಉದುರಿ ಬಿದ್ದ ಕಾಳು, ತೆನೆ. ಕೇರಿಯ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಬಾಗಿ ಬಾಗಿ ಅದನ್ನು ಆಯುತ್ತಾರೆ. ಧಣಿ ಬೇಡ ಅನ್ನುವುದಿಲ್ಲ, ಅದು ಅವನ ದೊಡ್ಡತನ ಎಂದು ಊರು ಹೊಗಳುತ್ತದೆ. ಬಿತ್ತಿದವರು ಯಾರು, ಕಳೆ ತೆಗೆದವರು ಯಾರು, ಕೊಯ್ದವರು ಯಾರು? ಈಗ ಬಾಗಿ ಆಯುತ್ತಿರುವ ಅವೇ ಕೈಗಳು. ದುಡಿದವರಿಗೆ ಉದುರಿದ್ದು, ದುಡಿಯದವನಿಗೆ ರಾಶಿ. ಅದರ ಮೇಲೆ ಒಂದು ಹೊಗಳಿಕೆ. ಹಕ್ಕಲಿಗೂ ಹಕ್ಕಿಗೂ ಬರೆಯುವಾಗ ಒಂದೇ ಅಕ್ಷರದ ಅಂತರ. ಭಾಷಾಪಂಡಿತರು ಒಂದು ಕನ್ನಡದ್ದು, ಇನ್ನೊಂದು ಅರಬ್ಬಿಯಿಂದ ಬಂದದ್ದು, ಸಂಬಂಧವಿಲ್ಲ ಎನ್ನುತ್ತಾರೆ. ಪಂಡಿತರು ಹೇಳುವುದು ಸರಿ. ನಮ್ಮ ಬದುಕಿನಲ್ಲೂ ಇವೆರಡಕ್ಕೆ ಇನ್ನೂ ಸಂಬಂಧ ಕೂಡಿಲ್ಲ.

ಬೀದರಿಗೆ ಬಂದವರೆಲ್ಲ ಮಹಮೂದ್ ಗವಾನನ ಮದರಸಾ ನೋಡಿ ಹೋಗುತ್ತಾರೆ. 1472ರಲ್ಲಿ ಕಟ್ಟಿ ಮುಗಿಸಿದ್ದು. ಗವಾನ್ ನಮ್ಮವನಲ್ಲ, ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ತುರ್ಕಿಯ ಆಟೋಮನ್ ಸುಲ್ತಾನನಿಗೂ ಪತ್ರ ಬರೆಯುತ್ತಿದ್ದ ವಿದ್ವಾಂಸ. ಮೂರು ಅಂತಸ್ತಿನ ಕಟ್ಟಡ, ಗೋಡೆಗೆ ಬಣ್ಣದ ಹೊಳಪಿನ ಹೆಂಚು, ಓದುವವರಿಗೆ ಕೋಣೆ, ಕಲಿಸುವವರಿಗೆ ಮನೆ, ಮೂರು ಸಾವಿರ ಕೈಬರಹದ ಗ್ರಂಥಗಳಿದ್ದವೆಂದು ಹೇಳುತ್ತಾರೆ. ಇರುವುದಕ್ಕೆ, ಉಣ್ಣುವುದಕ್ಕೆ ವಿದ್ಯಾರ್ಥಿ ದುಡ್ಡು ಕೊಡಬೇಕಾಗಿರಲಿಲ್ಲ. ಆ ಕಾಲದ ಬೀದರ ಪರದೇಶದವರ ಊರು: ಇರಾನಿಗಳು, ತುರ್ಕರು, ಅರಬರು. ರಷ್ಯಾದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿಯೂ ಅದೇ ದಿನಗಳಲ್ಲಿ ಈ ಊರನ್ನು ಕಂಡು ಬರೆದಿಟ್ಟಿದ್ದಾನೆ. ನೆಲದ ಜನ ಬಹಳ ದರಿದ್ರರು, ಉಳ್ಳವರು ಬಹಳ ಐಷಾರಾಮದವರು ಎಂಬುದು ಅವನ ಕಣ್ಣಿಗೂ ಬಿದ್ದಿತ್ತು. 1481ರಲ್ಲಿ ಒಂದು ಖೊಟ್ಟಿ ಪತ್ರ ಸೃಷ್ಟಿಸಿ ಗವಾನನನ್ನು ಕೊಲ್ಲಿಸಿದರು. ಔರಂಗಜೇಬನ ಕಾಲಕ್ಕೆ, 1690ರ ದಶಕದಲ್ಲಿ, ಒಳಗೆ ಇಟ್ಟ ಮದ್ದು ಸಿಡಿದು ಮದರಸಾ ಅರ್ಧ ಬಿತ್ತು. ಓದುವ ಮನೆಯಲ್ಲಿ ಮದ್ದು ತುಂಬಿಡುವ ಬುದ್ಧಿ ಎಲ್ಲ ಕಾಲದ ರಾಜರಿಗೂ ಇದ್ದದ್ದೇ.

ನಾವು ಆ ಕಟ್ಟಡದ ಎದುರು ನಿಂತು ಗವಾನನಿಗೆ ಮರ್ಯಾದೆ ಕೊಡುತ್ತೇವೆ. ಜೊತೆಗೆ ಒಂದು ಮಾತು ಕೇಳುತ್ತೇವೆ. ಸಾವಿರಾರು ಹರದಾರಿ ದೂರದಿಂದ ಬಂದವನಿಗೆ ಕೋಣೆ ಸಿಕ್ಕಿತು. ಸುಣ್ಣ ಅರೆದವರ, ಕಲ್ಲು ಹೊತ್ತವರ ಮಕ್ಕಳು ಆ ಕೋಣೆಯೊಳಗೆ ಕೂತು ಓದಿದರೇ? ಅದು ಅರ್ಧ ಸಾವಿರ ವರ್ಷದ ಹಿಂದಿನ ಮಾತು, ಅಂದಿನ ಪ್ರಧಾನಿಯನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದು ಎನ್ನುವವರಿಗೆ ಆಗಲಿ ಎನ್ನೋಣ. ಆದರೆ ಅಂದಿನಿಂದ ಇಂದಿನ ತನಕ ಒಂದು ಮಾತು ಬದಲಾಗಿಲ್ಲ: ಪರದೇಶದಿಂದ ಬಂದವನಿಗೆ ವಜೀಫಾ ಮರ್ಯಾದೆ, ಕೇರಿಯಿಂದ ಬಂದವನಿಗೆ ವಜೀಫಾ ಮುಜುಗರ.

ಇವತ್ತಿನ ತುರ್ಕಿಯನ್ನೇ ನೋಡಿ. 2012ರಿಂದ ಅಲ್ಲಿಯ ಸರಕಾರ ‘ತುರ್ಕಿಯೆ ಬುರ್ಸ್‌ಲಾರಿ’ ಎಂಬ ಹೆಸರಿನಲ್ಲಿ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಓದಿಸುತ್ತಿದೆ. ಫೀಜು ಇಲ್ಲ, ಇರಲು ಹಾಸ್ಟೆಲ್, ತಿಂಗಳ ಖರ್ಚಿಗೆ ದುಡ್ಡು, ಹೋಗಿಬರಲು ವಿಮಾನದ ಟಿಕೀಟು, ಮೊದಲ ಒಂದು ವರ್ಷ ತುರ್ಕಿ ಭಾಷೆಯ ಪಾಠ. ಅರ್ಜಿಗೆ ಶುಲ್ಕವಿಲ್ಲ, ಔರಾದಿನ ಹುಡುಗಿಯೂ ಹಾಕಬಹುದು. ನಮ್ಮ ದೇಶವೂ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಮೂಲಕ ಆಫ್ರಿಕಾ, ಏಷ್ಯಾದ ವಿದ್ಯಾರ್ಥಿಗಳಿಗೆ ಹೀಗೇ ಕೊಡುತ್ತ ಬಂದಿದೆ. ಒಳ್ಳೆಯದು. ಇವರನ್ನು ಯಾರೂ ಪುಕ್ಕಟೆ ಗಿರಾಕಿಗಳು ಎನ್ನುವುದಿಲ್ಲ. ಅತಿಥಿಗಳು, ಎರಡು ದೇಶಗಳ ಸ್ನೇಹದ ಸೇತುವೆಗಳು ಎನ್ನುತ್ತಾರೆ. ಊರಿಗೂ ಕೇರಿಗೂ ನಡುವೆ ಸೇತುವೆಯ ಅಗತ್ಯ ಇವರಿಗೆ ಕಾಣಲಿಲ್ಲವೋ ಏನೋ.

ತುರ್ಕಿಯಲ್ಲಿ ಇನ್ನೊಂದು ಏರ್ಪಾಡಿದೆ, ನಮ್ಮ ಪ್ರಶ್ನೆಗೆ ಅದೇ ಹತ್ತಿರದ್ದು. ತನ್ನ ನೆಲದ ವಿದ್ಯಾರ್ಥಿಗಳಿಗೆ ಆ ಸರಕಾರ ಎರಡು ಹೆಸರಿನಲ್ಲಿ ದುಡ್ಡು ಕೊಡುತ್ತದೆ. ಒಂದು ‘ಬುರ್ಸ್’, ಮೂಲದಲ್ಲಿ ಹಣದ ಚೀಲ ಎಂಬ ಅರ್ಥದ ಮಾತು. ಅದನ್ನು ವಾಪಸ್ ಕೊಡಬೇಕಾಗಿಲ್ಲ. ಇನ್ನೊಂದು ‘ಕ್ರೆದಿ’, ಓದು ಮುಗಿದ ಮೇಲೆ ತೀರಿಸಬೇಕಾದ ಸಾಲ. ಪದವಿ ಓದುವವರಿಗೆ ತಿಂಗಳ ಮೊತ್ತ ಎರಡರಲ್ಲೂ ಒಂದೇ. ಒಂದೇ ರೂಮಿನ ಇಬ್ಬರು ಹುಡುಗರು ಅಷ್ಟೇ ದುಡ್ಡಿನಲ್ಲಿ ಅದೇ ರೊಟ್ಟಿ ತಿಂದು ಅದೇ ಪರೀಕ್ಷೆ ಬರೆಯುತ್ತಾರೆ. ಒಬ್ಬ ಹಗುರಾಗಿ ಹೊರಗೆ ಬರುತ್ತಾನೆ, ಇನ್ನೊಬ್ಬ ಸಾಲಗಾರನಾಗಿ. ಅಂದಮೇಲೆ ದುಡ್ಡಿನೊಳಗೆ ದಾನ, ಸಾಲ ಎಂಬ ಗುಣ ಇಲ್ಲ. ಅದನ್ನು ಕೊಡುವ ಸಮಾಜ ತನ್ನ ಬಗ್ಗೆ, ತಗೊಳ್ಳುವವನ ಬಗ್ಗೆ ಏನು ತಿಳಿದುಕೊಂಡಿದೆಯೋ ಅದು ದುಡ್ಡಿಗೆ ಅಂಟಿ ಬರುತ್ತದೆ.

ಬಾಬಾಸಾಹೇಬರ ಬಾಳಿನಲ್ಲಿ ಇದು ಎಷ್ಟು ಕಠೋರವಾಗಿ ಬಂತು ನೋಡಿ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅವರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ. ಕರಾರು ಏನೆಂದರೆ, ಓದು ಮುಗಿಸಿ ಬಂದು ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಚಾಕರಿ ಮಾಡಬೇಕು. ಮಹಾರಾಜರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಕರಾರಿನಂತೆ 1917ರಲ್ಲಿ ಅಂಬೇಡ್ಕರ್ ಬರೋಡಕ್ಕೆ ಹೋದರು. ಸಂಸ್ಥಾನ ಕಚೇರಿ ಕೊಟ್ಟಿತು, ಊರು ಮಲಗಲು ಜಾಗ ಕೊಡಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಉಳಿದರು. ಗೊತ್ತಾದ ದಿನ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಸಾಲ ತೀರಿಸಲು ಬಂದವನಿಗೆ ತೀರಿಸಲೂ ಬಿಡದ ಊರು ಅದು! ನ್ಯೂಯಾರ್ಕಿನ ದುಡ್ಡಿಗೆ ಮಹಾರಾಜ ಹೊಣೆಗಾರ, ಬರೋಡದ ಒಂದು ಕೋಣೆಗೆ ಯಾರೂ ಹೊಣೆಗಾರರಲ್ಲ. ಋಣ, ಕರಾರು, ನಿಷ್ಠೆ ಎಂಬ ಮಾತುಗಳು ಇಬ್ಬರು ಸಮಾನರ ನಡುವೆ ಮಾತ್ರ ಅರ್ಥವಾಗುವಂಥವು. ಒಬ್ಬನನ್ನು ಮನುಷ್ಯನೆಂದೇ ಎಣಿಸದ ಊರಿನಲ್ಲಿ ‘ನೀನು ಕೃತಜ್ಞನಾಗಿರಬೇಕು’ ಎನ್ನುವುದು ಕ್ರೂರ ತಮಾಷೆ.

ಅದೇ ಮನುಷ್ಯ 1942ರಲ್ಲಿ ವೈಸರಾಯ್ ಕೌನ್ಸಿಲ್ಲಿನ ಸದಸ್ಯರಾದಾಗ ಕೇಳಿದ ರೀತಿ ಬೇರೆ. ಆ ವರ್ಷದ ಅಕ್ಟೋಬರಿನಲ್ಲಿ ಸರಕಾರಕ್ಕೆ ಒಂದು ಮನವಿ ಬರೆದರು. ಬನಾರಸಿನ ಹಿಂದೂ ವಿಶ್ವವಿದ್ಯಾಲಯಕ್ಕೆ, ಅಲಿಗಡದ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಮೂರು ಮೂರು ಲಕ್ಷ ಹೋಗುತ್ತಿದೆ, ನಮ್ಮವರಿಗೆ ಎಲ್ಲಿ? ದಯೆ ತೋರಿಸಿ ಎಂಬ ಮಾತು ಅದರಲ್ಲಿಲ್ಲ. ಪಾಲು ಎಲ್ಲಿ ಎಂಬ ಮಾತಿದೆ. ಮೂರು ಲಕ್ಷ ಮಂಜೂರಾಯಿತು, ಕೆಲವರು ವಿದೇಶಕ್ಕೂ ಹೋದರು. 1944ರಿಂದ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾಯಿತು. ಇವತ್ತು ಭಾಲ್ಕಿಯಲ್ಲಿ ಪಿಯುಸಿ ಓದುವ ಹುಡುಗನ ಖಾತೆಗೆ ಬೀಳುವ ದುಡ್ಡು ಅಲ್ಲಿಂದ ಹರಿದು ಬಂದದ್ದು. ಬರೋಡದಲ್ಲಿ ದಾನವಾಗಿ ಸಿಕ್ಕದ್ದನ್ನು ಅವರು ದಿಲ್ಲಿಯಲ್ಲಿ ಪಾಲಾಗಿ ಬದಲಾಯಿಸಿದರು.

ಪಾಲು ಯಾತರದ್ದು? ಅದಕ್ಕೆ ಜೋತಿಬಾ ಫುಲೆ ಅದಕ್ಕೂ ಅರುವತ್ತು ವರ್ಷ ಮೊದಲೇ, 1882ರಲ್ಲಿ ಹಂಟರ್ ಆಯೋಗದ ಎದುರು ಲೆಕ್ಕ ಒಪ್ಪಿಸಿದ್ದಾರೆ. ಸರಕಾರದ ಬೊಕ್ಕಸ ತುಂಬುವುದು ರೈತ, ಕೂಲಿಯವರ ಬೆವರಿನಿಂದ. ಅದನ್ನು ಖರ್ಚು ಮಾಡುವುದು ಮೇಲಿನ ಜಾತಿಯ ಮಕ್ಕಳ ಕಾಲೇಜಿಗೆ. ಇದು ಅವರ ತಕರಾರು. ಇವತ್ತಿಗೂ ಕೇರಿಯ ಮುದುಕಿ ಬೆಂಕಿಪೊಟ್ಟಣಕ್ಕೆ, ಸಾಬೂನಿಗೆ ಕೊಡುವ ತೆರಿಗೆ ಅದೇ ಬೊಕ್ಕಸಕ್ಕೆ ಬೀಳುತ್ತದೆ. ನಮ್ಮ ಹಿರಿಯರು ಬಿಟ್ಟಿ ಬೇಗಾರಿ ಮಾಡಿದರು. ಸತ್ತ ದನ ಎಳೆದರು, ಹಲಗೆ ಬಾರಿಸಿದರು, ಊರ ಕಾವಲು ಕಾಯ್ದರು, ನಿಜಾಮನ ಕಾಲದ ದೇಶಮುಖರ ಗಡಿಗಳಲ್ಲಿ ಕರೆದಾಗ ಹೋಗಿ ದುಡಿದರು. ಕೂಲಿಯನ್ನು ಯಾರೂ ಎಣಿಸಿ ಕೊಡಲಿಲ್ಲ. ಆದ್ದರಿಂದ ನಾವು ಹೇಳುವುದು ಇಷ್ಟು: ವಜೀಫಾ ದಾನವಲ್ಲ, ಸಾಲವಲ್ಲ, ಈ ತಿಂಗಳ ಕೂಲಿಯೂ ಅಲ್ಲ. ಅದು ಬಾಕಿ. ತಲೆತಲಾಂತರದ ಬಾಕಿಯಲ್ಲಿ ಚೂರು ಪಾರು ಜಮಾ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂದು ನಮ್ಮ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ನಮಗೂ ಅಂಥ ಜಾಣ್ಮೆ ಬೇಕಾಗಿದೆ. ಅರ್ಜಿಯ ಮೇಲೆ ‘ಫಲಾನುಭವಿ’ ಎಂದು ಬರೆದಿರಲಿ; ಸಹಿ ಮಾಡುವಾಗ ಒಳಗೆ ‘ಬಾಕಿದಾರ’ ಎಂದು ಓದಿಕೊಳ್ಳಬೇಕು.

ಇಲ್ಲಿಗೆ ಮಾತು ಮುಗಿದಿದ್ದರೆ ಸುಲಭವಾಗಿತ್ತು. ನಮ್ಮ ಕಷ್ಟ ಇಲ್ಲಿಂದ ಶುರುವಾಗುತ್ತದೆ. ಬಾಕಿ ಇಡೀ ಕೇರಿಯದು. ಜಮಾ ಆದದ್ದು ಪರೀಕ್ಷೆ ಪಾಸಾದ ನಮ್ಮೊಬ್ಬರ ಹೆಸರಿಗೆ. ನಾವು ಓದುವಾಗ ನಮ್ಮ ಅಕ್ಕಂದಿರು ಏಳನೆಯದಕ್ಕೋ ಎಂಟನೆಯದಕ್ಕೋ ಶಾಲೆ ಬಿಟ್ಟು ಸೋಯಾ ಕೊಯ್ಲಿಗೆ, ತೊಗರಿ ಕೊಯ್ಲಿಗೆ ಹೋದರು. ಅವ್ವ ಹೈದರಾಬಾದಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಳು. ದುಡಿದು ಬಾಕಿ ಬೆಳೆಸಿದವರು ಅವರು, ಪಡೆದವರು ನಾವು. ಒಂದು ಹಿರಿಯ ಜೀವ ನಮ್ಮ ಡಿಗ್ರಿ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು, ‘ಇದ್ರಾಗ ನಮ್ದು ಯಾನರೆ ಬರ್ದಾರೇನ್ ತಮ್ಮಾ?’ ಎಂದು ಕೇಳಿದ್ದಳು. ಬರೆದಿರಲಿಲ್ಲ. ಸರಕಾರಕ್ಕೆ ನಾವು ಋಣಿಗಳಲ್ಲ ಎಂದು ಎದೆ ತಟ್ಟಿ ಹೇಳಬಲ್ಲ ನಾವು ಆ ಮುದುಕಿಗೆ ಹಾಗೆ ಹೇಳಲಾರೆವು.

1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆ ನೊಂದು ಮಾತಾಡಿದ್ದನ್ನು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಓದಿ ನೌಕರಿ ಹಿಡಿದವರು ಹೊಟ್ಟೆ ಹೊರೆದುಕೊಳ್ಳುವುದರಲ್ಲೇ ಮುಳುಗಿದರೆಂಬ ನೋವು ಅದು. ಆ ನೋವನ್ನು ಇಟ್ಟುಕೊಂಡು, ಓದಿದ ದಲಿತ ಸಮಾಜದ ಋಣ ತೀರಿಸಬೇಕು ಎಂದು ನಮ್ಮವರೂ ಹೇಳುತ್ತಾರೆ, ನಮ್ಮವರಲ್ಲದವರು ಇನ್ನೂ ಜೋರಾಗಿ ಹೇಳುತ್ತಾರೆ. ಈ ಎರಡನೆಯವರಿಗೆ ನಾವು ಕೇಳುತ್ತೇವೆ: ಐಐಟಿಯ ಹುಡುಗ ಕಟ್ಟುವ ಫೀಜಿಗಿಂತ ಅವನ ಮೇಲೆ ಸರಕಾರ ಹಾಕುವ ದುಡ್ಡು ಹೆಚ್ಚು. ಅವನು ಓದು ಮುಗಿಸಿ ಕ್ಯಾಲಿಫೋರ್ನಿಯಾದ ವಿಮಾನ ಹತ್ತುವಾಗ ಋಣದ ಮಾತನ್ನು ಯಾರು ಎತ್ತಿದ್ದಾರೆ? ಅವನದು ಪ್ರತಿಭೆ, ನಮ್ಮದು ಋಣ! ನಮ್ಮ ಸೀಮೆಯಲ್ಲೇ ಇನ್ನೊಂದು ಚೆಂದ ಇದೆ. ಸಂವಿಧಾನಕ್ಕೆ 2012ರಲ್ಲಿ ತಿದ್ದುಪಡಿಯಾಗಿ 371ಜೆ ಬಂತು, ಮರುವರ್ಷ ಜಾರಿಯಾಯಿತು. ಈ ಭಾಗದ ಕಾಲೇಜುಗಳ ಸೀಟುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ನಮ್ಮ ಭಾಗದವರಿಗೆ. ಮೀಸಲಾತಿ ಎಂದರೆ ದೇಶ ಹಾಳಾಯಿತು ಎನ್ನುತ್ತಿದ್ದ ಮನೆಗಳ ಹಿರಿಯರೇ ಮೊದಲು ಹೋಗಿ ತಹಶೀಲ ಕಚೇರಿಯ ಸಾಲಿನಲ್ಲಿ ನಿಂತರು. ‘ನಮ್ಮ ಭಾಗ ಹಿಂದ ಉಳದದ, ಇದು ನಮ್ಮ ಹಕ್ಕ’ ಎಂದರು. ಸರಿಯಾಗಿಯೇ ಅಂದರು, ನಾವೂ ಜೊತೆಗೆ ಕೂಗಿದ್ದೇವೆ. ಬೆಂಗಳೂರಿನ ಎದುರು ಹಿಂದುಳಿದವರಾದಾಗ ಹಕ್ಕು ಅರ್ಥವಾಗುತ್ತದೆ, ತಮ್ಮ ಊರಿನ ಕೇರಿಯ ಎದುರು ಮಾತ್ರ ಅದೇ ಮಾತು ಭಿಕ್ಷೆಯಾಗುತ್ತದೆ.

ಆದರೆ ಮೊದಲನೆಯವರ ಮಾತನ್ನು, ನಮ್ಮವರ ಮಾತನ್ನು, ಹೀಗೆ ತಳ್ಳಿಹಾಕಲಾರೆವು. ‘ಸಮಾಜದ ಋಣ’ ಎಂಬ ಅಗಲವಾದ ಮಾತು ನಮಗೆ ಬೇಡ. ಸಮಾಜ ಎಂದರೆ ಯಾರೂ ಅಲ್ಲ ಎಂದಾಗಿಬಿಡುತ್ತದೆ. ವರ್ಷಕ್ಕೊಂದು ಜಯಂತಿಗೆ ಪಟ್ಟಿ ಕೊಟ್ಟರೆ ತೀರಿತು. ನಮ್ಮ ಋಣಕ್ಕೆ ಮುಖ ಇದೆ, ಹೆಸರಿದೆ. ಅಕ್ಕನಿಗೆ, ಅಕ್ಕನ ಮಗಳ ಫೀಜಿಗೆ, ಪಕ್ಕದ ಮನೆಯ ಹುಡುಗನ ಅರ್ಜಿಗೆ. ಇದನ್ನು ವಸೂಲು ಮಾಡಲು ಯಾವ ಕರಾರೂ ಇಲ್ಲ, ಯಾವ ಕೋರ್ಟೂ ಇಲ್ಲ. ವಸೂಲು ಮಾಡಲಾಗದ್ದರಿಂದಲೇ ಅದು ಭಾರ.

ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕತೆ ಇಲ್ಲಿ ನೆನಪಾಗುತ್ತದೆ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ, ಅಂದರೆ ಹಕ್ಕಲು ಆಯುವುದೇ. ಒಂದು ದಿನ ಹೆಚ್ಚಿಗೆ ತಂದ. ಹೆಂಡತಿ ಲಕ್ಕಮ್ಮ, ಇದು ನಮ್ಮ ಪಾಲಿನದಲ್ಲ, ವಾಪಸ್ ಸುರಿದು ಬಾ ಎಂದಳು. ಮಠಗಳ ಪ್ರವಚನದಲ್ಲಿ ಇದನ್ನು ಬಡವರಿಗೆ ಆಸೆ ಬೇಡ ಎಂಬ ನೀತಿಯಾಗಿ ಹೇಳುತ್ತಾರೆ. ನಮಗೆ ಅದು ಹಾಗೆ ಕಾಣುವುದಿಲ್ಲ. ಎಷ್ಟು ನಮ್ಮದು, ಎಷ್ಟು ನಮ್ಮದಲ್ಲ ಎಂದು ಅಳೆಯುವ ಅಧಿಕಾರವನ್ನು ಆಕೆ ಅಂಗಳದ ಧಣಿಗೆ ಬಿಡಲಿಲ್ಲ, ತನ್ನ ಕೈಗೆ ತಗೊಂಡಳು. ಹೆಚ್ಚಿನದನ್ನು ಬೇಡ ಎನ್ನಲು ಸಾಕಷ್ಟು ಇದ್ದಿರಬೇಕು. ಮೆಸ್ಸಿನ ಬಾಕಿ ಕಟ್ಟದೆ ಹಾಲ್‌ಟಿಕೇಟು ಸಿಗದ ಹುಡುಗನಿಗೆ ಲಕ್ಕಮ್ಮನ ನೀತಿ ಹೇಳಬೇಡಿ. ನೌಕರಿ ಹಿಡಿದು, ಕಾರು ಕೊಂಡು, ಮಕ್ಕಳ ಆದಾಯ ಪ್ರಮಾಣಪತ್ರದಲ್ಲಿ ಎರಡೂವರೆ ಲಕ್ಷದ ಮಿತಿಯೊಳಗೆ ನುಸುಳಲು ದಾರಿ ಹುಡುಕುವ ನಮ್ಮವರು ಯಾರಾದರೂ ಇದ್ದರೆ ಅವರಿಗೆ ಹೇಳಿ. ಅಲ್ಲಿ ಆಕೆಯ ಮಾತು ಸರಿಯಾಗಿ ತಾಗುತ್ತದೆ.

ಹಾಗಾದರೆ ಪಾಲು ಎಂದು ಕೊಟ್ಟದ್ದನ್ನು ಸರಕಾರ ಪಾಲಾಗಿಯೇ ಉಳಿಸಿಕೊಂಡಿದೆಯೇ? ಇಲ್ಲ, ಮೆಲ್ಲಗೆ ಹಕ್ಕಲಾಗಿ ಮಾಡುತ್ತಿದೆ. ವಿದೇಶಕ್ಕೆ ಹೋಗಿ ಓದುವ ದಲಿತರಿಗೆಂದು ಕೇಂದ್ರದ ಸಾಗರೋತ್ತರ ಸ್ಕಾಲರ್‌ಶಿಪ್ 1950ರ ದಶಕದಿಂದ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. 2022ರಲ್ಲಿ ಹೊಸ ನಿಯಮ ಬಂತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಸಂಶೋಧನೆಗೆ ಈ ದುಡ್ಡು ಇಲ್ಲ. ಕೊಲಂಬಿಯಾದಲ್ಲಿ 1916ರಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದ ಆ ವಿದ್ಯಾರ್ಥಿ ಇವತ್ತು ಅರ್ಜಿ ಹಾಕಿದ್ದರೆ ವಿಷಯ ಬದಲಾಯಿಸಿಕೊಂಡು ಬಾ ಎನ್ನುತ್ತಿದ್ದರು. 2025ರ ಜುಲೈಯಲ್ಲಿ 106 ಮಂದಿಯನ್ನು ಆರಿಸಿ, ಮೊದಲಿಗೆ 40 ಜನಕ್ಕೆ ಮಾತ್ರ ಪತ್ರ ಕೊಟ್ಟರು. ಉಳಿದ 66 ಮಂದಿಗೆ, ನಿಧಿ ಲಭ್ಯವಾದರೆ ನೋಡೋಣ ಎಂದರು. ರಾಶಿಯಾಗಿ ಉದುರಿದ್ದು ಉಳಿದರೆ ಆಯ್ದುಕೊಳ್ಳಿ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ರಾಜ್ಯದಲ್ಲಿ 2013ರ ಕಾಯ್ದೆ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಹಣವನ್ನು ಅವರಿಗೇ ಎಂದು ಕಟ್ಟಿಟ್ಟಿತು. 2023-24ರಲ್ಲಿ ಅದರಿಂದ 11 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ಎಳೆದರು. ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಅವ್ವಂದಿರಿಗೂ ಬರುತ್ತದೆ, ಅದನ್ನು ಬೇಡ ಎನ್ನಲು ನಾವು ಯಾರು? ಆದರೆ ಅದು ಊರಿನ ಎಲ್ಲ ಅವ್ವಂದಿರಿಗೂ ಎಲ್ಲರ ಬೊಕ್ಕಸದಿಂದ ಬರಬೇಕಾದದ್ದು. ನಮ್ಮ ಮನೆಯಲ್ಲಿ ಮಾತ್ರ ಅವ್ವನ ದುಡ್ಡನ್ನು ಮಗಳ ಫೀಜಿನಿಂದ ಕತ್ತರಿಸಿ ಕೊಟ್ಟ ಹಾಗಾಯಿತು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ಪನ್ನು 2022ರ ಕೊನೆಗೆ ನಿಲ್ಲಿಸಿಯೇ ಬಿಟ್ಟರು. ಗವಾನನ ಊರಿನಲ್ಲಿ ಅದು ಎಷ್ಟು ಮನೆಗಳಿಗೆ ಬಡಿಯಿತೆಂದು ಬೇರೆ ಹೇಳಬೇಕೆ?

ದುಡ್ಡು ಕೊಡುವವನು ಪ್ರಾರ್ಥನೆಯನ್ನೂ ನೋಡುತ್ತಾನೆ. ನಮ್ಮ ಬೀದರ ಜಿಲ್ಲೆಯ ಕೇರಿಗಳಲ್ಲಿ ಮೆಥಡಿಸ್ಟ್ ಚರ್ಚಿಗೆ ಹೋಗುವ ಮನೆಗಳು ಸಾಕಷ್ಟಿವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಹಿಂದೂವಾಗಿರಬೇಕು; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರಿಗೂ ಮುಸ್ಲಿಮರಿಗೂ ಇಲ್ಲ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆ, ಒಂದೇ ಬಾವಿಯಿಂದ ಓಡಿಸಲ್ಪಟ್ಟ ಇಬ್ಬರು ಅಜ್ಜಂದಿರು; ಒಂದು ಮನೆಯ ಮೊಮ್ಮಗನಿಗೆ ಬಾಕಿ ಸಿಗುತ್ತದೆ, ಇನ್ನೊಂದರ ಮೊಮ್ಮಗನಿಗೆ ಸಿಗುವುದಿಲ್ಲ. ಹುಡುಗ ಭಾನುವಾರ ಒಂದು ಹೆಸರು, ಸೋಮವಾರ ಒಂದು ಹೆಸರು ಇಟ್ಟುಕೊಂಡು ಬದುಕುವುದನ್ನು ಕಲಿಯುತ್ತಾನೆ. ಅವನನ್ನು ಸುಳ್ಳುಗಾರ ಎನ್ನುವವರು, ಆ ಸುಳ್ಳನ್ನು ಹೇಳಿಸಿದ ಕಾಗದವನ್ನು ಯಾಕೆ ಏನೂ ಅನ್ನುವುದಿಲ್ಲ?

ಬಾಕಿಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಬೀದರಿನಿಂದ ಮೂರು ತಾಸಿನ ದಾರಿ ಹೈದರಾಬಾದ್. ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2016ರ ಜನವರಿ 17ರಂದು ರೋಹಿತ್ ವೇಮುಲ ತೀರಿಕೊಂಡ. ಏಳು ತಿಂಗಳ ಫೆಲೋಶಿಪ್ಪು, ಒಂದು ಲಕ್ಷ 75 ಸಾವಿರ ರೂಪಾಯಿ ತನಗೆ ಬರಬೇಕಾಗಿತ್ತು, ಅದನ್ನು ಮನೆಯವರಿಗೆ ಮುಟ್ಟಿಸಿ ಎಂಬ ಲೆಕ್ಕವೂ ಅವನ ಕೊನೆಯ ಪತ್ರದಲ್ಲಿತ್ತು. ಆ ಪತ್ರದ ನಕ್ಷತ್ರಗಳ ಬಗ್ಗೆ ಎಲ್ಲರೂ ಬರೆದರು, ಕವಿತೆ ಬರೆಯುವ ನಾವೂ ಬರೆದೆವು. ಲೆಕ್ಕದ ಸಾಲಿನ ಬಗ್ಗೆ ಬರೆದವರು ಕಡಿಮೆ. ನಮಗಂತೂ ಆ ಸಾಲೇ ನಿದ್ದೆ ಕೆಡಿಸುತ್ತದೆ. ಕೊನೆಯ ಗಳಿಗೆಯಲ್ಲೂ ಅವನು ಬೇಡಲಿಲ್ಲ, ಬರಬೇಕಾದದ್ದನ್ನು ಕೇಳಿದ.

ನಮ್ಮ ತಾಲೂಕುಗಳಲ್ಲಿ ಈಗ ಗುಮಾಸ್ತನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ಆಧಾರ್ ಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆಧಾರಿನಲ್ಲಿ ಒಂದು ಅಕ್ಷರ, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು ಅಕ್ಷರ ಇದ್ದರೆ ದುಡ್ಡು ನಿಂತಿತು. ಔರಾದ, ಕಮಲನಗರದ ಕಡೆ ಮನೆಮಾತು ಮರಾಠಿ, ಶಾಲೆಯ ದಾಖಲೆ ಕನ್ನಡ, ಆಧಾರ್ ಇಂಗ್ಲಿಷ್. ಒಂದೇ ಹೆಸರು ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಮೂರು ಮನುಷ್ಯರಾಗಿರುತ್ತದೆ. ಕೂಲಿ ಬಿಟ್ಟು ತಂದೆ ನಾಲ್ಕು ಸಲ ತಾಲೂಕಿಗೆ ಓಡಾಡಿದರೆ ಬರುವ ದುಡ್ಡಿನ ಒಂದು ಪಾಲು ಬಸ್ಸಿಗೇ ಹೋಯಿತು. ಯಂತ್ರಕ್ಕೆ ಜಾತಿ ಇಲ್ಲ ಎನ್ನುತ್ತಾರೆ. ಇರಲಾರದು. ಆದರೆ ತಪ್ಪು ತಿದ್ದಿಸಿಕೊಳ್ಳಲು ಯಾರಿಗೆ ಗುರುತಿನವರಿದ್ದಾರೆ, ಯಾರಿಗಿಲ್ಲ ಎಂಬುದಕ್ಕೆ ಜಾತಿ ಇದೆ. ಎಷ್ಟೋ ಸಲ ದುಡ್ಡು ಜಮಾ ಆಗುವುದು ಪರೀಕ್ಷೆ ಮುಗಿದ ಮೇಲೆ. ಹಸಿದಾಗ ಸಿಗದ ರೊಟ್ಟಿಯನ್ನು ಉಂಡೆಯೆಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಇಲಾಖೆಗೆ ಸರಿಹೋಗಬಹುದು, ಹಸಿದವನಿಗಲ್ಲ.

ನಾವು ಕೆಲವು ಗೆಳೆಯರು ಬೀದರ, ಭಾಲ್ಕಿ, ಔರಾದಿನಲ್ಲಿ ರಜೆಯ ದಿನ ಕೂತು ಹುಡುಗ ಹುಡುಗಿಯರ ಅರ್ಜಿ ತುಂಬಿಕೊಡುತ್ತೇವೆ. ದೊಡ್ಡ ಕೆಲಸವೇನಲ್ಲ, ಒಂದು ಮೊಬೈಲು, ಒಂದು ಕಟ್ಟೆ ಇದ್ದರೆ ಆಗುತ್ತದೆ. ಮೊದಮೊದಲು ತಾಯಂದಿರು, ‘ಎಷ್ಟ್ ತಗೋತಿರಿ?’ ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದರೆ ನಂಬದೆ ಎದ್ದು ಹೋದವರೂ ಉಂಟು. ಪುಕ್ಕಟೆ ಎಂದರೆ ಅವರಿಗೂ ಅನುಮಾನ. ಪುಕ್ಕಟೆ ಕೊಟ್ಟವನು ಮುಂದೊಂದು ದಿನ ಏನೋ ಕೇಳುತ್ತಾನೆಂದು ಅವರ ಅನುಭವ ಹೇಳಿರುತ್ತದೆ. ಈಗ ನಾವು ಒಂದು ಕರಾರು ಹಾಕಿದ್ದೇವೆ: ಅರ್ಜಿ ತುಂಬಿಸಿಕೊಂಡ ಹುಡುಗಿ ಮುಂದಿನ ವಾರ ಬಂದು ಇನ್ನಿಬ್ಬರದು ತುಂಬಿಕೊಡಬೇಕು. ಬರುತ್ತಾರೆ. ಎಲ್ಲರೂ ಅಲ್ಲ.

ಇನ್ನು ಕಾಲೇಜುಗಳಿಗೆ, ಇಲಾಖೆಗೆ ಈ ವರ್ಷ ನಾವು ಕೊಡುವ ಮನವಿಯಲ್ಲಿ ಮೂರೇ ಮಾತು ಇವೆ. ದುಡ್ಡು ವರ್ಷದ ಮೊದಲಿಗೆ ಬರಬೇಕು. ಅರ್ಜಿ ತಿರಸ್ಕರಿಸಿದರೆ ಯಾಕೆ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಸ್ಕಾಲರ್‌ಶಿಪ್ಪಿನವರ ಹೆಸರು ಕರೆಯಬೇಕಾದರೆ ಕಚೇರಿಗೆ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಬೇಕು, ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಬಾರದು. ಮೂರನೆಯದಕ್ಕೆ ಸರಕಾರದ ಬೊಕ್ಕಸದಿಂದ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಸಹಿ ಹಾಕುವವರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.